ಸುಲೋಚನಮ್ಮನ ಹದಿನೇಳು ಗಂಟೆ ಏಕಾದಶಿ

ಸೂರ್ಯನಿಗೇ ಟೋಪಿ ಹಾಕಿದವನನ್ನ ನೀವು ನೋಡಿದೀರಾ? ನೋಡಿರಲ್ಲ. ಅಂಥವನು ಇರೋದು ಒಬ್ಬನೇ, ಮುಂಬೈ ಪಕ್ಕದ ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ. ಹೆಸರು ತರುಣ್. ವಯಸ್ಸು ಹತ್ತೊಂಬತ್ತು. ಬಿ.ಕಾಂ. ಎರಡನೇ ವರ್ಷ, ಕಾಲೇಜಲ್ಲಿ ಅತಿಥಿ ಪಾತ್ರ. ಇಪ್ಪತ್ನಾಲ್ಕು ಗಂಟೆ ಏಕಾದಶೀನ ಹದಿನೇಳಕ್ಕೆ ಇಳಿಸಿದ ಮೊದಲನೇ ಮನುಷ್ಯ. ಋಷಿಮುನಿಗಳ ಕೈಲೂ ಆಗದ್ದು. ಬೇಕಾದ ಸಾಮಾನು ಒಂದು ಮೂಸಂಬಿ, ಎರಡು ಲವಂಗ, ಒಂದು ಮೊಬೈಲ್ ಟಾರ್ಚು. "ಸೂರ್ಯ ಟೈಮಿಗೆ ಸರಿಯಾಗಿ ಬರ್ತಾನೆ. ನಾನು ಬಂದ ಮೇಲೇ ಟೈಮು ಶುರುವಾಗೋದು," ಅಂತ ಅವನು ಕನ್ನಡಿ ಮುಂದೆ ಕಾಲರ್ ಎತ್ತಿ ಹೇಳಿದ್ದನ್ನ ಕೇಳಿದವರಿದ್ದಾರೆ. ನಂಬಿಕೆ ಬರಲಿಲ್ವಾ? ಪೂರ್ತಿ ಕೇಳಿ. ಇಂಟರ್ವಲ್ಲಲ್ಲಿ ಎದ್ದು ಹೋಗಬೇಡಿ.

ಕಥೆ ಶುರುವಾಗಿದ್ದು ಒಂದು ಶುಕ್ರವಾರ ಬೆಳಗ್ಗೆ ಆರೂಕಾಲಿಗೆ, ನಲ್ಲಿ ನೀರು ಬರೋ ಹೊತ್ತಿಗೆ. ತರುಣ್ ಅಮ್ಮ ವೇದಾ ಡ್ರಮ್ಮಿಗೆ ಪೈಪ್ ಹಾಕಿ ನಿಂತಿದ್ಲು. ಅಪ್ಪ ಹಯಗ್ರೀವ ಗಡ್ಡಕ್ಕೆ ನೊರೆ ಹಚ್ಕೊಂಡು ಏಳೂ ಐವತ್ತೆರಡರ ಫಾಸ್ಟ್ ಲೋಕಲ್ ಬಗ್ಗೆ ಚಿಂತೆ ಮಾಡ್ತಿದ್ದ. ಅಜ್ಜಿ ಸುಲೋಚನಮ್ಮ ಮೂರು ಡಬ್ಬಿಗೆ ಹುರುಳಿಕಾಯಿ ಪಲ್ಯ ಮಾಡ್ತಿದ್ರು. ಗಂಡ ಕೋಪರಿಯ ಆಫೀಸಿಗೆ, ಹೆಂಡತಿ ಎರಡು ಟ್ರೇನ್ ಬದಲಾಯಿಸಿ ಖಾರಘರದ ಕಾಲೇಜ್ ಆಫೀಸಿಗೆ, ಮೊಮ್ಮಗ ಕಾಲೇಜ್ ಕ್ಯಾಂಟೀನಿಗೆ ಹೋಗೋ ಮನೆ ಅದು. ಎಪ್ಪತ್ತೆರಡು ವರ್ಷದ ಅಜ್ಜಿ ಒಲೆ ಹಚ್ಚದಿದ್ರೆ ಅಲ್ಲಿ ಯಾರಿಗೂ ಮಧ್ಯಾಹ್ನದ ಊಟ ಇಲ್ಲ.

ಹಯಗ್ರೀವನ ಫೋನ್ ಹೊಡ್ಕೊಳ್ತು. ನೊರೆ ಮೂತೀಲೇ ಎತ್ತಿದ.

"ಯಾಮಿನೀದು," ಅಂದ. ಅಡುಗೆಮನೇಲಿ ಸೌಟಿನ ಸದ್ದು ನಿಂತೋಯ್ತು.

ಯಾಮಿನಿ ಅವನ ತಂಗಿ. ನ್ಯೂಜಿಲೆಂಡಿನ ಆಕ್ಲೆಂಡಲ್ಲಿ ಇದ್ದಾಳೆ. ಹನ್ನೊಂದು ವರ್ಷದ ಹಿಂದೆ ಕಲ್ಯಾಣದ ಆಗ್ರಿ ಜಾತಿಯ ಹುಡುಗ ನಿಲೇಶ್ ಮ್ಹಾತ್ರೇನ ಮದುವೆ ಆದ್ಲು. ಮೀನಿಲ್ಲದೆ ತುತ್ತಿಳಿಯದ ಮನೆ ಅವರದು. ಅವತ್ತು ಸುಲೋಚನಮ್ಮ ಎಲ್ಲರ ಎದುರಿಗೆ ಒಂದೇ ಮಾತು ಹೇಳಿದ್ರು: "ಊಟ ಇರಲಿ, ಆ ಮನೆ ನೀರೂ ನಾನು ಮುಟ್ಟಲ್ಲ." ಅಲ್ಲಿಂದ ತಾಯಿ ಮಗಳ ಮಧ್ಯೆ ಮಾತಿಲ್ಲ. ಮಗಳು ಅತ್ತಿಗೆ ವೇದಾಗೆ ವಾಟ್ಸಾಪ್ ಮೆಸೇಜ್ ಹಾಕೋಳು. ವೇದಾಗೆ ಬಂದ ಮೆಸೇಜೆಲ್ಲ ಅಡುಗೆಮನೇಲಿ ನಿಂತು ಜೋರಾಗಿ ಓದೋ ಚಟ. ಮನೇಲಿ ಎಲ್ಲರೂ ಅದಕ್ಕೆ ಒಗ್ಗಿಕೊಂಡಿದ್ರು.

ಹಯಗ್ರೀವ ಫೋನ್ ಇಟ್ಟು ಅಡುಗೆಮನೆ ಬಾಗಿಲಿಗೆ ಬಂದ. "ಗರ್ಭಕೋಶದಲ್ಲಿ ಗಡ್ಡೆ ಅಂತೆ ಅಮ್ಮ. ತೆಗೀಬೇಕಂತೆ. ಗಾಬರಿ ಏನಿಲ್ಲ ಅಂದಿದಾರಂತೆ ಡಾಕ್ಟ್ರು. ಮುಂದಿನ ತಿಂಗಳು ಎರಡನೇ ಗುರುವಾರ ಆಪರೇಷನ್. ಅಮ್ಮ ಬರ್ತಾಳಾ ಕೇಳು ಅಂದ್ಲು."

ಸುಲೋಚನಮ್ಮ ಪಲ್ಯಕ್ಕೆ ಕಾಯಿತುರಿ ಹಾಕಿದ್ರು. ಕೊತ್ತಂಬರಿ ಹಾಕಿದ್ರು. ಮೂರು ಡಬ್ಬಿ ಮುಚ್ಚಳ ಒತ್ತಿ ಹಾಕಿದ್ರು.

"ಬರ್ತೀನಿ ಅಂತ ಹೇಳು," ಅಂದ್ರು.

ವೇದಾ ಕೈಲಿದ್ದ ಪೈಪ್ ಜಾರಿ ನಡುಮನೆ ತುಂಬ ನೀರು.

ಹಯಗ್ರೀವ ಅವತ್ತು ಸಂಜೇನೇ ಟಿಕೆಟ್ ಬುಕ್ ಮಾಡಿದ. ಅಮ್ಮನ ಮನಸ್ಸು ಬದಲಾಗೋ ಮುಂಚೆ ಮುಗಿಸಬೇಕು ಅನ್ನೋ ಅವಸರ. ಆದ್ರೂ ಜವಾಬ್ದಾರಿ ಮನುಷ್ಯ, ಗೋಡೆ ಮೇಲಿನ ಮರಾಠಿ ಕ್ಯಾಲೆಂಡರ್ ನೋಡೇ ಮಾಡಿದ. ಏಕಾದಶಿ ಭಾನುವಾರ ಅಂತಿತ್ತು. ಸೋಮವಾರ ಬೆಳಗ್ಗೆ ಎಂಟರ ವಿಮಾನ ಹಿಡಿಸಿದ. ಸಿಂಗಾಪುರದಲ್ಲಿ ಎರಡು ಗಂಟೆ ಇಳಿದು ಹತ್ತೋದು, ಮಂಗಳವಾರ ಬೆಳಗ್ಗೆ ಆಕ್ಲೆಂಡ್. ಅಮ್ಮ ಬಂದು ಎರಡು ದಿನ ಸುಧಾರಿಸ್ಕೊಂಡ್ರೆ ಗುರುವಾರ ಆಪರೇಷನ್. ಪಕ್ಕಾ ಸ್ಕ್ರೀನ್‌ಪ್ಲೇ.

ಮಾರನೇ ದಿನ ಸುಲೋಚನಮ್ಮ ದೇವರ ಗೂಡಿಂದ ಮಠದ ಪಂಚಾಂಗ ತೆಗೆದು, ಕನ್ನಡಕ ಏರಿಸಿ ನೋಡಿದ್ರು.

"ಹಯಗ್ರೀವ, ಯಾವ ಪಂಚಾಂಗ ನೋಡಿದೆಯೋ?"

"ಕ್ಯಾಲೆಂಡರಮ್ಮ. ಭಾನುವಾರ ಏಕಾದಶಿ."

"ಅದು ಅವರದು. ಭಾನುವಾರ ಬೆಳಗಿನ ಜಾವ ದಶಮಿ ಸೋಂಕಿದೆ, ಅದು ಶುದ್ಧ ಏಕಾದಶಿ ಅಲ್ಲ. ನಮಗೆ ಸೋಮವಾರ."

ಹಯಗ್ರೀವ ಕುರ್ಚೀಲಿ ಕೂತ. ಮಾಧ್ವರ ಮನೇಲಿ ಹುಟ್ಟಿ, ಐವತ್ತೊಂದು ವರ್ಷ ಬೆಳೆದು, ಇನ್ನೊಬ್ಬರ ಏಕಾದಶಿ ನೋಡಿ ತಾಯಿಗೆ ಟಿಕೆಟ್ ತೆಗೆದವನು. ಸುಲೋಚನಮ್ಮ ಐವತ್ತು ವರ್ಷದಿಂದ ಒಂದು ಏಕಾದಶೀನೂ ತಪ್ಪಿಸಿಲ್ಲ. ಊಟ ಅಷ್ಟೇ ಅಲ್ಲ, ನೀರಿನ ಹನೀನೂ ಇಲ್ಲ. ಇವತ್ತಿನ ಸೂರ್ಯೋದಯದಿಂದ ನಾಳೆ ಸೂರ್ಯೋದಯದವರೆಗೆ.

"ಬದಲಾಯಿಸ್ರೀ," ಅಂದ್ಲು ವೇದಾ.

"ಕೇಳಿದೆ. ಆ ವಾರ ಬೇರೆ ಸೀಟಿಲ್ಲ. ಮುಂದಿನದು ಶನಿವಾರ. ಆಪರೇಷನ್ ಮುಗಿದಿರುತ್ತೆ."

"ಹಾಗಾದ್ರೆ ಅತ್ತೆ, ಒಂದು ಸಲ ನೀರು ಕುಡಿದುಬಿಡಿ. ಒಬ್ಬರೇ, ಅಷ್ಟು ದೂರ, ಗಂಟಲು ಒಣಗಿಸ್ಕೊಂಡು ಹೋಗ್ತೀರಾ?"

ಸುಲೋಚನಮ್ಮ ಬೇರೇನೋ ಕೇಳಿದ್ರು. ಆ ಪ್ರಶ್ನೆಯಿಂದಲೇ ಮನೆಯಲ್ಲಿ ಮೂರು ವಾರ ನೆಮ್ಮದಿ ಹೋಗಿದ್ದು.

"ವಿಮಾನದಲ್ಲಿ ಕೂತವರಿಗೆ ಸೂರ್ಯೋದಯ ಯಾವ ಊರಿಂದು?"

ಹಯಗ್ರೀವ ವೇದಾ ಮುಖ ನೋಡಿದ. ವೇದಾ ತರುಣ್ ಮುಖ ನೋಡಿದ್ಲು. ಹೀರೋ ಎಂಟ್ರಿ ಆಗೋದು ಇಂಥ ಜಾಗದಲ್ಲೇ. ತರುಣ್ ಕೈಲಿದ್ದ ಚಕ್ಕುಲಿ ಕೆಳಗಿಟ್ಟ. "ಅಜ್ಜಿ, ಟೆನ್ಶನ್ ನಹೀ ಲೇನೇಕಾ. ನಾನಿದೀನಲ್ಲ."

"ಅದೇ ಟೆನ್ಶನ್ನು," ಅಂದ್ಲು ಅಮ್ಮ.

ಭಾನುವಾರ ಸಂಜೆ ಐದು ಗಂಟೆಗೆ ನಡುಮನೇಲಿ ಪ್ರಯೋಗ. ಕಿಟಕಿ ಪರದೆ ಎಳೆದು ಕತ್ತಲೆ. ಮೂಸಂಬಿ ಭೂಮಿ. ಒಂದು ಲವಂಗ ಚುಚ್ಚಿದ, ಅದು ಡೊಂಬಿವಲಿ. ಇನ್ನೊಂದನ್ನ ಹೆಚ್ಚೂಕಮ್ಮಿ ಬುಡದ ಹತ್ತಿರ ಚುಚ್ಚಿದ, ಅದು ಆಕ್ಲೆಂಡ್. ಹಯಗ್ರೀವ ಟಾರ್ಚ್ ಹಿಡ್ಕೊಂಡು ಸೂರ್ಯ ಆದ.

"ಮುಂಬೈಯಿಂದ ಸಿಂಗಾಪುರ ಮೂರು ಸಾವಿರದ ಒಂಬೈನೂರು ಕಿಲೋಮೀಟರ್, ಐದೂವರೆ ಗಂಟೆ," ಅಂತ ತರುಣ್ ಟ್ರೇಲರ್ ದನೀಲಿ ಶುರು ಮಾಡಿದ. "ಸಿಂಗಾಪುರದಿಂದ ಆಕ್ಲೆಂಡ್ ಎಂಟು ಸಾವಿರದ ನಾನೂರು, ಹತ್ತು ಗಂಟೆಗೆ ಸ್ವಲ್ಪ ಕಮ್ಮಿ. ಒಟ್ಟು ಹನ್ನೆರಡು ಸಾವಿರದ ಮುನ್ನೂರು. ಡೊಂಬಿವಲಿಯಿಂದ ಮುಂಬೈ ಸಿ.ಎಸ್.ಟಿ. ಸ್ಟೇಷನ್ನಿಗೆ ಇನ್ನೂರ ಐವತ್ತಕ್ಕಿಂತ ಜಾಸ್ತಿ ಸಲ ಹೋದ ಹಾಗೆ."

"ನಿಂತ್ಕೊಂಡಾ, ಸೀಟ್ ಸಿಕ್ಕಿದೆಯಾ?" ಅಂದ ಹಯಗ್ರೀವ.

"ಸೂರ್ಯ ಮಾತಾಡಬಾರದು." ತರುಣ್ ಮೂಸಂಬಿ ತಿರುಗಿಸಿದ. ಒಂದು ಸಲ, ಎರಡು ಸಲ. ಮುಖ ಗಂಭೀರ ಮಾಡಿದ. "ಅಜ್ಜಿ, ಸುದ್ದಿ ಕೆಟ್ಟದು. ಉಪವಾಸ ಮೂವತ್ತೊಂದು ಗಂಟೆ ಆಗುತ್ತೆ."

ವೇದಾ ಎದ್ದೇ ಬಿಟ್ಲು. "ಮೂವತ್ತೊಂದು ಗಂಟೆ ನೀರಿಲ್ದೆ? ಬೇಡವೇ ಬೇಡ. ನಾನು ಕಳಿಸಲ್ಲ."

"ಕೂತ್ಕೊ ವೇದಾ," ಅಂದ್ರು ಸುಲೋಚನಮ್ಮ. ಕೈ ಚಾಚಿ ಮೂಸಂಬಿ ಇಸ್ಕೊಂಡ್ರು. "ಉಲ್ಟಾ ತಿರುಗಿಸ್ತಿದೀಯ ಕಣೋ ದಡ್ಡ. ಅಲ್ಲಿ ಈಗ ರಾತ್ರಿ ಹನ್ನೆರಡೂವರೆ. ನಮಗಿಂತ ಮುಂಚೆ ಅವರಿಗೆ ಬೆಳಗಾಗೋದು."

ತರುಣ್ ಮೊಬೈಲ್ ನೋಡಿದ. ಹನ್ನೆರಡೂವರೆ. ಸರಿಯಾಗಿ.

"ನಿಂಗೆ ಹೇಗೆ ಗೊತ್ತಾಯ್ತಜ್ಜಿ?"

"ನಿನ್ನ ಮೂಸಂಬಿ ನೋಡಿ," ಅಂದ್ರು ಅಜ್ಜಿ.

ಆಮೇಲೆ ಸರಿಯಾಗಿ ತಿರುಗಿಸಿದಾಗ ಎಲ್ಲರೂ ಬಗ್ಗಿ ನೋಡಿದ್ರು. ವಿಮಾನ ಪೂರ್ವಕ್ಕೆ ಹೋಗುತ್ತೆ. ಸೂರ್ಯ ಎದುರಿಗೇ ಬರ್ತಾನೆ. ಸೋಮವಾರ ಏಳು ಗಂಟೆಗೆ ಮುಂಬೈಲಿ ಹುಟ್ಟಿದವನು, ಮುಂಬೈ ಗಡಿಯಾರದಲ್ಲಿ ರಾತ್ರಿ ಹನ್ನೆರಡು ಹೊಡೆಯೋ ಹೊತ್ತಿಗೆ ವಿಮಾನದ ಕಿಟಕೀಲಿ ಮಂಗಳವಾರದ ಸೂರ್ಯ ಆಗಿ ಮತ್ತೆ ಹಾಜರ್. ಹದಿನೇಳೇ ಗಂಟೆ.

"ಅರೆ," ಅಂದ ಹಯಗ್ರೀವ, ಟಾರ್ಚ್ ಹಿಡ್ಕೊಂಡೇ. "ಏಳು ಗಂಟೆ ಎಲ್ಲೋಯ್ತು?"

"ನಾನು ಗಾಯಬ್ ಮಾಡಿದೆ," ಅಂದ ತರುಣ್. "ಕೆಲವರು ಟೈಮ್ ನೋಡ್ತಾರೆ. ಕೆಲವರನ್ನ ನೋಡಿ ಟೈಮೇ ಓಡುತ್ತೆ."

ವೇದಾ ಮೂರು ವಾರದಲ್ಲಿ ನಕ್ಕಿದ್ದು ಅವಾಗೊಂದೇ ಸಲ. "ನೋಡಿ ಅತ್ತೆ, ದೇವರೇ ದಾರಿ ತೋರ್ಸಿದ. ಕಮ್ಮೀಲಿ ಮುಗಿಯುತ್ತೆ."

ಸುಲೋಚನಮ್ಮ ಮೂಸಂಬಿಯಿಂದ ಲವಂಗ ಕಿತ್ತು ಡಬ್ಬಿಗೆ ಹಾಕಿದ್ರು. "ಏಕಾದಶಿ ಏನು ಚೌಕಾಶಿ ಮಾಡೋ ತರಕಾರೀನಾ? ಏಳು ಗಂಟೆ ಕದ್ದು ಮಾಡಿದ ಉಪವಾಸ ಉಪವಾಸ ಅಲ್ಲ. ಅದಕ್ಕಿಂತ ಹೋಗದೇ ಇರೋದು ವಾಸಿ."

ಆ ವಾರ ಮನೆ ಬಿಸಿ ಬಾಣಲೆ. ಹುಳಿಗೆ ಒಂದಿನ ಉಪ್ಪಿಲ್ಲ, ಒಂದಿನ ಎರಡು ಸಲ ಉಪ್ಪು. ಗುರುವಾರ ವೇದಾ ರೊಟ್ಟಿ ಲಟ್ಟಿಸುವಾಗ ಹಯಗ್ರೀವ ಸುಮ್ನಿರಲಾರದೆ ಅಂದ, "ಅಮ್ಮ ಹೋಗದಿದ್ರೆ ನಿನಗೆ ಅನುಕೂಲಾನೇ ಬಿಡು. ಎರಡು ತಿಂಗಳು ಡಬ್ಬಿ ಯಾರು ಕಟ್ಟೋದು ಅಂತ ನಿಂಗೆ ಯೋಚನೆ."

ವೇದಾ ಲಟ್ಟಣಿಗೆ ಇಟ್ಲು. "ಹೌದ್ರೀ. ಯೋಚನೇನೇ. ನಾಲ್ಕೂವರೆಗೆ ಎದ್ದು ನೀವು ಕಟ್ತೀರಾ? ಕಟ್ತೀನಿ ಅನ್ನಿ, ಈಗಲೇ ಅವರ ಬ್ಯಾಗ್ ನಾನು ತುಂಬ್ತೀನಿ. ಆ ಹುಡುಗಿ ಆಪರೇಷನ್ ಟೇಬಲ್ ಮೇಲೆ ಒಬ್ಬಳೇ ಮಲಗೋದು ನಿಮಗಿಂತ ಮೊದಲು ನನ್ನ ಕಣ್ಣಿಗೆ ಬರುತ್ತೆ. ಅವಳ ಮೆಸೇಜ್ ಓದೋಳು ನಾನು. ನೀವಲ್ಲ."

"ನಾನೇನಂದೆ ಈಗ?"

"ಏನೂ ಅನ್ಲಿಲ್ಲ. ರೊಟ್ಟಿ ತಿನ್ನಿ, ಆರುತ್ತೆ."

ಕೊನೆಗೆ ಸುಲೋಚನಮ್ಮನೇ ಒಂದು ದಾರಿ ಬಿಟ್ರು: ಬೆಂಗಳೂರಿನ ಮಠದ ಆಚಾರ್ಯರನ್ನ ಕೇಳೋದು, ಅವರು ಹೇಳಿದ ಹಾಗೆ ನಡೆಯೋದು. ಹಯಗ್ರೀವ ಫೋನ್ ಮಾಡಿದ. ಆಚಾರ್ಯರು ಸಂಚಾರದಲ್ಲಿದ್ದಾರೆ, ಬಿಡುವಾದಾಗ ಅವರೇ ಮಾಡ್ತಾರೆ ಅಂದ್ರು ಆಫೀಸಿನವರು. ನಾಲ್ಕು ದಿನ ಕಾದ್ರು. ಫೋನ್ ಇಲ್ಲ. ಪ್ರಯಾಣಕ್ಕೆ ಎಂಟೇ ದಿನ. ಯಾಮಿನಿ ಮೆಸೇಜ್ ಬಂತು, ವೇದಾ ಓದಿದ್ಲು: "ಅತ್ತಿಗೆ, ಅಮ್ಮನ ಕೋಣೆಗೆ ಹೊಸ ಹಾಸಿಗೆ ತಂದೆ. ಒಲೆನೂ ಬೇರೆ ಇಟ್ಟಿದೀನಿ. ಬರ್ತಾಳಲ್ವಾ?"

ವೇದಾ ಅದನ್ನ ಇನ್ನೊಂದು ಸಲ ಓದಿದ್ಲು, ಇನ್ನೂ ಜೋರಾಗಿ.

ಈಗ ಇಂಟರ್ವಲ್ ಪಾಯಿಂಟು. ತರುಣ್ ಮಾರನೇ ದಿನ ಕಾಲೇಜಿಗೆ ಚಕ್ಕರ್ ಹೊಡೆದು ಕಳವಾದಲ್ಲಿರೋ ದೋಸ್ತ್ ಪ್ರಥಮ್ ಹತ್ರ ಹೋದ. ಅವನ ನಂಬರ್ ಅಜ್ಜಿಗೆ ಗೊತ್ತಿಲ್ಲ. ಪ್ರಥಮ್ ಮನೆ ಒಂದೇ ಕೋಣೆ, ಅದರಲ್ಲಿ ಆರು ಜನ, ಅದಕ್ಕೆ ಇಬ್ಬರೂ ಕಳವಾ ಸ್ಟೇಷನ್ ಪ್ಲಾಟ್‌ಫಾರ್ಮಿನ ಕೊನೆಗೆ ಹೋಗಿ ನಿಂತ್ರು. ತರುಣ್ ಮೂಗು ಹಿಡಿದು, ಎದೆಯಿಂದ ದನಿ ಎಳೆದು, ಪೌರಾಣಿಕ ಸಿನಿಮಾದಲ್ಲಿ ಸಿಂಹಾಸನದ ಮೇಲೆ ಕೂತವರ ಹಾಗೆ ಶುರು ಮಾಡಿದ.

"ಸುಲೋಚನಮ್ಮನವರಾ? ಮಠದಿಂದ ಆಚಾರ್ಯರು ಮಾತಾಡ್ತಿರೋದು."

"ನಮಸ್ಕಾರ ಆಚಾರ್ಯರೇ," ಅಂತು ಆ ಕಡೆ ದನಿ.

"ನಿಮ್ಮ ಸಂದೇಹ ತಿಳೀತು. ಕೇಳಿ. ನೆಲವೇ ಆಗಲಿ, ನಭವೇ ಆಗಲಿ, ಸೂರ್ಯ ಎಲ್ಲಿ ದರ್ಶನ ಕೊಡ್ತಾನೋ ಅದೇ ಉದಯ. ಅಲ್ಲಿಗೆ ಉಪವಾಸ ಸಂಪೂರ್ಣ. ಹದಿನೇಳು ಗಂಟೆ ಅಂತ ಚಿಂತೆ ಬೇಡ. ಭಕ್ತಿಗೆ ಗಡಿಯಾರ ಇಲ್ಲ. ಇದ್ರೂ ಅದಕ್ಕೆ ಮುಳ್ಳಿಲ್ಲ."

ಪ್ರಥಮ್ ಬಾಯಿಗೆ ಕರ್ಚೀಫು ತುರ್ಕೊಂಡ. ಅಷ್ಟೊತ್ತಿಗೆ ತಲೆ ಮೇಲಿನ ಸ್ಪೀಕರಲ್ಲಿ ಮರಾಠಿ ಹೆಂಗಸು ಕಳವಾ ಹೆಸರು ಹೇಳಿ ರೈಲು ಬರೋ ಸುದ್ದಿ ಶುರು ಮಾಡಿದ್ಲು, ಪ್ಲಾಟ್‌ಫಾರ್ಮ್ ಕ್ರಮಾಂಕ ದೋನ್ ವರ್ ಯೇಣಾರೀ ಗಾಡೀ. ತರುಣ್ ಫೋನ್ ಅಂಗಿಯೊಳಗೆ ತೂರಿಸಿ, ಮುಗಿದ ಮೇಲೆ ಹೊರಗೆ ತೆಗೆದ.

"ಆಯ್ತು ಆಚಾರ್ಯರೇ. ನೀವು ಹೇಳಿದ ಮೇಲೆ ಮುಗೀತು. ಹೋಗಿ ಬರ್ತೀನಿ," ಅಂದ್ರು ಸುಲೋಚನಮ್ಮ. "ಗಂಟಲು ಕಟ್ಟಿರೋ ಹಾಗಿದೆ ತಮಗೆ. ಮೆಣಸಿನ ಸಾರು ಕುಡೀರಿ."

ಫೋನಿಟ್ಟು ತರುಣ್ ಪ್ಲಾಟ್‌ಫಾರ್ಮ್ ಮೇಲೆ ಸ್ಲೋ ಮೋಷನ್ನಲ್ಲಿ ನಡೆದ. ಪ್ರಥಮ್ ಬಾಯಲ್ಲೇ ಮ್ಯೂಸಿಕ್ ಕೊಟ್ಟ.

ರಾತ್ರಿ ಊಟಕ್ಕೆ ಮನೇಲಿ ಮೆಣಸಿನ ಸಾರು. ಅಜ್ಜಿ ತರುಣ್ ತಟ್ಟೆಗೆ ಎರಡು ಸೌಟು ಜಾಸ್ತೀನೇ ಹಾಕಿದ್ರು. ಅವನು ಆ ಖುಷೀಲಿ ಏನೂ ಯೋಚನೆ ಮಾಡದೆ ಕುಡಿದ.

ಅಲ್ಲಿಂದ ಮನೆ ಬಣ್ಣವೇ ಬದಲಾಯ್ತು. ವೇದಾ ಎರಡು ಸ್ವೆಟರ್ ತಂದ್ಲು. ಹಯಗ್ರೀವ ನಾಲ್ಕೂವರೆಗೆ ಅಲಾರಂ ಇಟ್ಟು ಅವಲಕ್ಕಿ ಒಗ್ಗರಣೆ ಕಲಿತ. ಮೊದಲನೇ ದಿನದ್ದನ್ನ ಕೋಪರಿಯ ನಾಯಿಗಳೂ ಮೂಸಲಿಲ್ಲ ಅಂತ ಅವನೇ ಒಪ್ಕೊಂಡ. ತರುಣ್ ಅಜ್ಜೀನ ಕುರ್ಚೀಲಿ ಕೂರಿಸಿ, ಅಮ್ಮನ ದುಪಟ್ಟಾ ಸೊಂಟಕ್ಕೆ ಕಟ್ಟಿ, ಸೀಟ್ ಬೆಲ್ಟ್ ಬಿಚ್ಚೋದು ಕಟ್ಟೋದು ಹನ್ನೆರಡು ಸಲ ಮಾಡಿಸಿದ. ತುಳಸಿ, ಮೊಸರಿನ ಹೆಪ್ಪು ಯಾವುದೂ ತಗೊಂಡು ಹೋಗಬೇಡ, ಆ ದೇಶದಲ್ಲಿ ಎಲೆ ಬೀಜಕ್ಕೆಲ್ಲ ತಪಾಸಣೆ ಅಂದ.

"ನನ್ನನ್ನ ಒಳಗೆ ಬಿಡ್ತಾರಾ?" ಅಂದ್ರು ಅಜ್ಜಿ.

"ನೀನು ಬೀಜ ಅಲ್ವಲ್ಲ."

"ಬೇರು."

ಭಾನುವಾರ ದಶಮಿ. ಮಧ್ಯಾಹ್ನ ಒಂದೇ ಊಟ. ಸಂಜೆ ಅಜ್ಜಿ ಬೇಗ ಮಲಗಿದ್ರು. ವೇದಾ ಪದ್ಧತಿ ಪ್ರಕಾರ ತಲೆದೆಸೆಗೆ ಚೊಂಬಲ್ಲಿ ನೀರಿಟ್ಲು. ಸೂರ್ಯ ಹುಟ್ಟೋವರೆಗೂ ಕುಡೀಬಹುದು, ಅಜ್ಜಿ ಪ್ರತಿ ಸಲ ಬೆಳಗಿನ ಜಾವ ಎದ್ದು ಅದನ್ನ ಖಾಲಿ ಮಾಡಿಯೇ ಏಕಾದಶಿಗೆ ಕೂರೋದು. ಸೋಮವಾರ ಏರ್‌ಪೋರ್ಟಿಗೆ ಬಿಟ್ಟು ವಾಪಸ್ ಬಂದು ಹಾಸಿಗೆ ಮಡಿಸುವಾಗ ಚೊಂಬು ತುಂಬಿದ ಹಾಗೇ ಇತ್ತು. "ಕುಡಿಯೋಕೂ ಬಿಡದ ಹಾಗೆ ಅವಸರ ಮಾಡಿದಿರಿ," ಅಂತ ವೇದಾ ಅಪ್ಪ ಮಗ ಇಬ್ಬರಿಗೂ ಬೈದ್ಲು.

ಏರ್‌ಪೋರ್ಟಲ್ಲಿ ವೀಲ್‌ಚೇರ್ ತಳ್ಳೋ ಹುಡುಗಿ ಬಂದಾಗ ಅಜ್ಜಿ ತರುಣ್ ಕೆನ್ನೆ ಹಿಂಡಿ, "ಆಚಾರ್ಯರಿಗೆ ನಮಸ್ಕಾರ ಹೇಳು," ಅಂದ್ರು. ಅವನು "ಹೂಂ" ಅಂದ. ಆಮೇಲೆ ಟ್ಯಾಕ್ಸೀಲಿ ಅರ್ಧ ದಾರಿಗೆ ಬಂದಾಗ, ನನಗ್ಯಾಕೆ ಹೇಳಿದ್ರು ಅಂತ ಸಟಕ್ಕನೆ ಹಿಂದಕ್ಕೆ ತಿರುಗಿ ನೋಡಿದ.

ಮಂಗಳವಾರ ಬೆಳಗ್ಗೆ ಆರೂಕಾಲು. ಮತ್ತೆ ನಲ್ಲಿ ನೀರು, ಮತ್ತೆ ನೊರೆ ಮೂತಿ. ವೇದಾ ಫೋನಿಗೆ ವಿಡಿಯೋ ಬಂದಿತ್ತು. ಮೂವರೂ ಅಡುಗೆಮನೇಲಿ ತಲೆ ತೂರಿಸಿ ನಿಂತ್ರು. ಆಕ್ಲೆಂಡ್ ಏರ್‌ಪೋರ್ಟ್, ಬಾಗಿಲ ಹೊರಗೆ, ಬಿಸಿಲು. ನಿಲೇಶ್ ಶೂಟ್ ಮಾಡ್ತಿದ್ದಾನೆ. ವೀಲ್‌ಚೇರಲ್ಲಿ ಸ್ವೆಟರ್ ಹಾಕಿದ ಅಜ್ಜಿ. ಕ್ಯಾಮೆರಾ ಕಡೆ ತಿರುಗಿ ಅವರು ಮೊದಲು ಹೇಳಿದ್ದು ಇಷ್ಟು:

"ತರುಣಾ, ನಿಮ್ಮ ಆಚಾರ್ಯರಿಗೆ ಹೇಳಪ್ಪ. ಮುಂದಿನ ಸಲ ಶಾಸ್ತ್ರ ಹೇಳುವಾಗ ಕಳವಾ ಸ್ಟೇಷನ್ ಬಿಟ್ಟು ಸ್ವಲ್ಪ ದೂರ ನಿಂತ್ಕೊಳ್ಳಿ ಅಂತ."

ಹಯಗ್ರೀವ ನಿಧಾನಕ್ಕೆ ಮಗನ ಕಡೆ ತಿರು‌ಗಿದ. ತರುಣ್ ಎತ್ತಿದ್ದ ಕಾಲರ್ ಮೆಲ್ಲಗೆ ಇಳಿಸಿಕೊಂಡ.

ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ, ನಿಜ ಹೇಳಿಬಿಡ್ತೀನಿ. ಶುರುವಲ್ಲಿ ಕೊಚ್ಚಿಕೊಂಡಿದ್ದೆಲ್ಲ ವಾಪಸ್. ತರುಣ್ ಅಜ್ಜೀನ ಒಪ್ಪಿಸಲಿಲ್ಲ. ಅಜ್ಜಿ ಮೊದಲನೇ ದಿನ ಬರ್ತೀನಿ ಅಂದಾಗಲೇ ಒಪ್ಪಿದ್ರು. ಅವರಿಗೆ ಬೇಕಿದ್ದದ್ದು ಪೂರ್ತಿ ಒಂದು ಏಕಾದಶಿ, ಕದ್ದದ್ದಲ್ಲ. ಅದನ್ನ ಅವರೇ ಹುಡುಕ್ಕೊಂಡ್ರು. ಯಾವ ಊರಿಗೆ ಹೋಗ್ತಾರೋ ಆ ಊರಿನ ಏಕಾದಶೀನ ಇಲ್ಲಿಂದಲೇ ಹಿಡಿದ್ರು. ಭಾನುವಾರ ರಾತ್ರಿ, ಆಕ್ಲೆಂಡಲ್ಲಿ ಸೋಮವಾರದ ಸೂರ್ಯ ಹುಟ್ಟಿದ ಹೊತ್ತಿಂದ ನೀರು ಮುಟ್ಟಲಿಲ್ಲ; ಅಲ್ಲಿ ಮಂಗಳವಾರದ ಸೂರ್ಯ ಹುಟ್ಟೋ ಹೊತ್ತಿಗೆ ಪೂರ್ತಿ ಇಪ್ಪತ್ನಾಲ್ಕು ಗಂಟೆ. ಚೊಂಬು ತುಂಬಿದ್ದು ಅದಕ್ಕೆ.

ಆ ಊರಿನ ಸೂರ್ಯೋದಯ ಹೇಗೆ ಗೊತ್ತಾಯ್ತು? ಅವತ್ತು ಸಂಜೆ ತರುಣ್ ದೇವರ ಗೂಡಿಂದ ಪಂಚಾಂಗಗಳನ್ನ ತೆಗೆದು ನೋಡಿದ. ಹನ್ನೊಂದು ಪಂಚಾಂಗ. ಒಂದೊಂದು ಏಕಾದಶಿ ಪಕ್ಕದಲ್ಲೂ ಪೆನ್ಸಿಲಲ್ಲಿ ಎರಡು ಸಮಯ. ಒಂದು ಡೊಂಬಿವಲೀದು. ಇನ್ನೊಂದು ಏನು ಅಂತ ಅಮ್ಮನ್ನ ಕೇಳಿದ. ವೇದಾ ಸೊಪ್ಪು ಬಿಡಿಸ್ತಾ ತಲೆ ಎತ್ತದೆ ಹೇಳಿದ್ಲು, "ನಿಮ್ಮತ್ತೆ ಪ್ರತಿ ಏಕಾದಶಿ ಹಿಂದಿನ ದಿನ ಮೆಸೇಜ್ ಹಾಕ್ತಾಳಲ್ಲೋ. ನಾಳೆ ಇಲ್ಲಿ ಸೂರ್ಯ ಹುಟ್ಟೋದು ಇಷ್ಟಕ್ಕೆ, ನಾನೂ ಹಿಡಿದಿದೀನಿ ಅಂತ. ನಾನು ಯಾಕೆ ಜೋರಾಗಿ ಓದ್ತೀನಿ ಅಂದ್ಕೊಂಡಿದ್ದೆ?"

ವಿಡಿಯೋ ಇನ್ನೂ ಮುಗಿದಿರಲಿಲ್ಲ, ಬೆಳಗ್ಗೆ ಲೋಕಲ್ ಅವಸರದಲ್ಲಿ ಅರ್ಧಕ್ಕೆ ಬಿಟ್ಟಿದ್ರು. ತರುಣ್ ಉಳಿದದ್ದನ್ನ ಹಾಕಿದ. ಯಾಮಿನಿ ಅತ್ತೆ ಸ್ಟೀಲ್ ಚೊಂಬು ಹಿಡ್ಕೊಂಡು ಓಡಿ ಬರ್ತಾಳೆ. ತಾಯಿ ಮುಂದೆ ಮಂಡಿ ಊರಿ ಕೂರ್ತಾಳೆ.

"ಪಾರಣೆ ಮಾಡಮ್ಮ. ಗಂಟಲು ಒಣಗಿದೆ ನಿಂಗೆ."

"ಎಲ್ಲೀದೇ ನೀರು?"

"ಇಲ್ಲೀದೇ. ಏರ್‌ಪೋರ್ಟ್ ನಲ್ಲೀಲಿ ಹಿಡಿದೆ. ಚೊಂಬು ಹೊಸದು. ಮನೇದು ನೀನು ಮುಟ್ಟಲ್ಲ ಅಂದಿದ್ದೆಯಲ್ಲ."

ಅಜ್ಜಿ ಚೊಂಬು ಇಸ್ಕೊಂಡು ತೊಡೆ ಮೇಲಿಟ್ಕೊಂಡ್ರು. ಕುಡೀಲಿಲ್ಲ. ಮಗಳ ಮುಖಾನೇ ನೋಡಿದ್ರು.

"ಮನೆ ಎಷ್ಟು ದೂರ?"

"ಇಪ್ಪತ್ತೈದು ನಿಮಿಷ."

"ಹನ್ನೆರಡು ಸಾವಿರ ಕಿಲೋಮೀಟರ್ ತಡ್ಕೊಂಡು ಬಂದಿದೀನಿ. ನಡಿ, ಅಲ್ಲೇ ಕುಡೀತೀನಿ," ಅಂದು ಚೊಂಬಿನ ನೀರನ್ನ ಪಕ್ಕದ ಹೂವಿನ ಕುಂಡಕ್ಕೆ ಸುರಿದು, ಖಾಲಿ ಚೊಂಬು ನಿಲೇಶನ ಕೈಗೆ ಕೊಟ್ರು.

ಇಷ್ಟೇ ಆಗಿದ್ದು. ಏಕಾದಶೀನ ಏಳು ಗಂಟೆ ಕಮ್ಮಿ ಮಾಡಿದ್ದು ಹಸಿ ಸುಳ್ಳು. ಒಂದು ನಿಮಿಷಾನೂ ಕಮ್ಮಿ ಆಗಲಿಲ್ಲ. ಪಾರಣೆ ನೀರು ಕೈಗೆ ಬಂದ ಮೇಲೂ ಇಪ್ಪತ್ತೈದು ನಿಮಿಷ ಜಾಸ್ತೀನೇ ಆಯ್ತು.